ಸುರಪುರದ ಕೋಟೆ, ಸುರಪುರದ ಮಾತು

ಸುರಪುರ ತಾಲೂಕಿನಲ್ಲಿ ಕೃಷ್ಣೆಯ ಸಮೀಪ ದೇವಾಪುರ ಎಂಬ ಊರಿದೆ. 1705ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹಿಂದೂಸ್ತಾನದ ಆಡಳಿತವೆಲ್ಲ ಆ ಊರಿನಿಂದಲೇ ನಡೆಯಿತು ಎಂದರೆ ಇವತ್ತು ಯಾರೂ ಸುಲಭಕ್ಕೆ ನಂಬುವುದಿಲ್ಲ. ಮೊಗಲ್ ಬಾದಶಹ ಡೇರೆ ಹೊಡೆದ ಜಾಗವೇ ಆಗ ರಾಜಧಾನಿ. ಎಂಬತ್ತಾರು ವರ್ಷ ದಾಟಿದ್ದ ಔರಂಗಜೇಬ ಅಲ್ಲಿ ಹಾಸಿಗೆ ಹಿಡಿದು ಮಲಗಿದ್ದ. ಬಾದಶಹ ಬದುಕುವುದಿಲ್ಲವೆಂಬ ಗುಲ್ಲು ಪಾಳೆಯದ ತುಂಬ ಹಬ್ಬಿತ್ತು. ಅವನು ಅಲ್ಲಿಗೆ ಬಂದದ್ದು ಕೆಲವೇ ಮೈಲು ದೂರದ ವಾಗಣಗೇರಾ ಕೋಟೆಯನ್ನು ಗೆದ್ದ ಮೇಲೆ. ಅವನೇ ಮುಂದೆ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ ಅದು. ಫೆಬ್ರವರಿ 8ಕ್ಕೆ ಶುರುವಾಗಿ ಏಪ್ರಿಲ್ 27ಕ್ಕೆ ಮುಗಿಯಿತು. ಕೋಟೆಯೊಳಗೆ ಕಾಲಿಟ್ಟಾಗ ಬಾದಶಹನ ಸೈನಿಕರಿಗೆ ಕಂಡದ್ದು ಉರಿಯುವ ಮನೆಗಳು ಮಾತ್ರ. ಕೋಟೆಯ ಒಡೆಯ ಪಿಡ್ಡನಾಯಕ ರಾತ್ರಿಯೇ ಹೊರಟುಹೋಗಿದ್ದ.

ಸಗರನಾಡಿನ ನಾಯಕ ಅರಸರ ಬಗ್ಗೆ ಬರೆಯುವವರೆಲ್ಲ ಶೌರ್ಯದ ಮಾತನ್ನೇ ಮೊದಲು ಎತ್ತುತ್ತಾರೆ. ಅದು ಸರಿಯೇ. ಬೇಡರ ಬಂದೂಕಿನ ಗುರಿ, ರಾತ್ರಿ ದಾಳಿ, ಗುಡ್ಡ ಹತ್ತುವ ಕಾಲು, ಇವನ್ನು ಶತ್ರುಗಳೇ ಬರೆದಿಟ್ಟು ಹೋಗಿದ್ದಾರೆ. ಬೇಡರೆಂದರೆ ‘ಡರ್’ ಇಲ್ಲದವರು, ಅಂಜಿಕೆ ಇಲ್ಲದವರು ಎಂದು ನಮ್ಮ ಕಡೆ ಈಗಲೂ ಅರ್ಥ ಹೇಳುತ್ತಾರೆ. ಆದರೆ ಬರೀ ಅಂಜಿಕೆ ಇಲ್ಲದವರು ಮೊಗಲರು, ಮರಾಠರು, ನಿಜಾಮರು, ಇಂಗ್ಲಿಷರು ಎಂಬ ನಾಲ್ಕು ದೊಡ್ಡ ಶಕ್ತಿಗಳ ನಡುವೆ ಇಷ್ಟು ಕಾಲ ನಿಲ್ಲಲಾರರು. ಯಾರಿಗೆ ಯಾವಾಗ ಏನು ಹೇಳಬೇಕು, ಯಾರ ಬಾಯಿಂದ ಹೇಳಿಸಬೇಕು, ಯಾವುದನ್ನು ಹೇಳಲೇಬಾರದು ಎಂಬುದು ಗೊತ್ತಿದ್ದರಿಂದ ಸುರಪುರ ಸಂಸ್ಥಾನ ಉಳಿಯಿತು. ಆ ಅರಿವು ಅರಮನೆಯಲ್ಲಿ ಸಡಿಲಾದಾಗ, ಬಂದೂಕುಗಳೆಲ್ಲ ಇದ್ದ ಹಾಗೆಯೇ ಇದ್ದರೂ, ಎರಡೇ ದಿನದಲ್ಲಿ ಬಿತ್ತು. ಈ ಸ್ಮರಣ ಸಂಚಿಕೆಗೆ ನಾನು ಬರೆಯಬೇಕೆಂದುಕೊಂಡದ್ದು ಆ ಕಥೆಯನ್ನು.

ಶಹಾಪುರ ತಾಲೂಕಿನ ಸಗರ ಈಗ ಸೂಫಿ ಸರಮಸ್ತರ ದರ್ಗಾದಿಂದ ಹೆಸರಾದ ಊರು. ನಾಯಕರ ಮೊದಲ ಬಲ ಇದ್ದದ್ದು ಅಲ್ಲಿ. ಬಿಜಾಪುರದ ಆದಿಲಶಾಹಿಗೆ ನಡೆದುಕೊಂಡಿದ್ದ ಪಾಮನಾಯಕ, ಔರಂಗಜೇಬ ಬಿಜಾಪುರವನ್ನು ಮುತ್ತಿದಾಗ ಒಳಗಿದ್ದವರಿಗೆ ಧಾನ್ಯ ಸಾಗಿಸಲು ತನ್ನ ಕಾಲಾಳುಗಳನ್ನು ಕಳಿಸಿದ್ದ. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಬಿದ್ದವು. ಸಗರದ ಸರದಿ ಬಂತು. 1687ರ ಕೊನೆಯಲ್ಲಿ ಪಾಮನಾಯಕ ಕೋಟೆ ಒಪ್ಪಿಸಿ ಬಾದಶಹನ ದರ್ಬಾರಿಗೆ ಹೋದ. ಅಲ್ಲಿನ ಅಮೀರರು ಅವನ ಮೈಬಣ್ಣವನ್ನು, ರೂಪವನ್ನು ಆಡಿಕೊಂಡು ನಕ್ಕರು. ಪಾರಸಿ ಬರಹಗಾರರು ಅದನ್ನು ಸಂಕೋಚವಿಲ್ಲದೆ ದಾಖಲಿಸಿದ್ದಾರೆ. ಕೆಲವೇ ದಿನಗಳಲ್ಲಿ ಪಾಮನಾಯಕ ತೀರಿಕೊಂಡ. ಸಗರಕ್ಕೆ ನುಸ್ರತಾಬಾದ್ ಎಂಬ ಹೊಸ ಹೆಸರು ಬಿತ್ತು. ಜನ ಮಾತ್ರ ಸಗರ ಎಂದೇ ಕರೆಯುತ್ತ ಬಂದರು.

ಮುಖಾಮುಖಿ ಹೋಗಿ ಕೈಕಟ್ಟಿ ನಿಂತರೆ ಏನಾಗುತ್ತದೆ ಎಂಬುದನ್ನು ಪಾಮನಾಯಕನ ದತ್ತು ಮಗ ಪಿಡ್ಡನಾಯಕ ಕಣ್ಣಾರೆ ಕಂಡಿದ್ದ. ಹದಿನೇಳು ವರ್ಷಗಳ ನಂತರ ಅದೇ ಬಾದಶಹ ವಾಗಣಗೇರಾದ ಬುಡಕ್ಕೆ ಬಂದಾಗ ಅವನು ನಡೆದುಕೊಂಡ ರೀತಿಯಲ್ಲಿ ಆ ನೆನಪು ಕೆಲಸ ಮಾಡಿದೆ ಎಂದು ನನಗನಿಸುತ್ತದೆ.

ಮೊಗಲರ ಸುದ್ದಿಯ ಏರ್ಪಾಡು ಎಂಥದೆಂದು ತಿಳಿಯದೆ ಪಿಡ್ಡನಾಯಕ ಮಾಡಿದ್ದರ ತೂಕ ಗೊತ್ತಾಗುವುದಿಲ್ಲ. ಪ್ರತಿ ಸುಬೆಯಲ್ಲಿ, ಪ್ರತಿ ದಂಡಿನಲ್ಲಿ ವಾಕಿಯಾನವೀಸ್ ಎಂಬ ವರದಿಗಾರನಿರುತ್ತಿದ್ದ. ಅವನು ಬರೆದದ್ದು ನಿಜವೋ ಸುಳ್ಳೋ ಎಂದು ನೋಡಲು ಖುಫಿಯಾನವೀಸ್ ಎಂಬ ಗುಪ್ತ ವರದಿಗಾರ. ಕಾಗದ ಹೊತ್ತು ಓಡಲು ಹರಕಾರರು. ದರ್ಬಾರಿನಲ್ಲಿ ದಿನದಿನವೂ ನಡೆದದ್ದೆಲ್ಲ ಅಖಬಾರಾತ್ ಎಂಬ ಹಾಳೆಗಳಿಗೆ ಏರುತ್ತಿತ್ತು. ಅವು ಇವತ್ತಿಗೂ ಕಟ್ಟುಗಟ್ಟಲೆ ಉಳಿದಿವೆ. ಇಂಥ ಸಾಮ್ರಾಜ್ಯದ ಕಿವಿಗೇ ಸುಳ್ಳು ಸುದ್ದಿ ಹಾಕಿ ನಂಬಿಸಿದವನು ಸಗರನಾಡಿನ ನಾಯಕ. ಅವನು ಆರಿಸಿಕೊಂಡ ದಾರಿಯೂ ಆ ಸುದ್ದಿಯ ಇಲಾಖೆಯೇ.

ಮುತ್ತಿಗೆಯ ಮೊದಲ ವಾರಗಳಲ್ಲಿ ಲಾಲ್ ಟಿಕ್ರಿ ಎಂಬ ದಿಬ್ಬವನ್ನು ಹಿಡಿದ ಮೊಗಲರು ಅದನ್ನು ಉಳಿಸಿಕೊಳ್ಳಲಾಗದೆ ಬಿಟ್ಟರು. ಕೋಟೆಯೊಳಗೆ ಮರಾಠಾ ಸರದಾರರ ಕುಟುಂಬಗಳೂ ಆಶ್ರಯ ಪಡೆದಿದ್ದವು. ಆ ಕಾರಣಕ್ಕೆ ಧನಾಜಿ ಜಾಧವ ಮತ್ತು ಹಿಂದೂರಾವ್ ಐದಾರು ಸಾವಿರ ಕುದುರೆ ಸವಾರರನ್ನು ಕರೆದುಕೊಂಡು ಬಂದರು. ಮೊಗಲರ ಗಮನ ಒಂದು ಕಡೆ ಸೆಳೆದು, ಇನ್ನೊಂದು ಕಡೆಯಿಂದ ತಮ್ಮ ಹೆಣ್ಣುಮಕ್ಕಳು ಮಕ್ಕಳನ್ನು ಹೊರಗೆ ದಾಟಿಸಿದರು. ಈಗ ನಾಯಕನಿಗೆ ಬೇಕಾದದ್ದು ಕಾಲಾವಕಾಶ. ಬಾದಶಹನ ಕಡೆಯಿಂದ ಸೇನಾನಿ ಜುಲ್ಫಿಕರ್ ಖಾನನಿಗೆ ಬರಹೇಳಿ ಕಾಗದ ಹೋಗಿತ್ತು. ಅವನು ಬಂದರೆ ಆಟವೇ ಬೇರೆ.

ಆಗ ಅಬ್ದುಲ್ ಗನಿ ಎಂಬ ಕಾಶ್ಮೀರಿ ವ್ಯಾಪಾರಿ ಮೊಗಲ್ ಪಾಳೆಯದಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಪಿಡ್ಡನಾಯಕನ ಕಾಗದ: ಶರಣು ಬರುತ್ತೇನೆ, ಕೋಟೆ ಒಪ್ಪಿಸುತ್ತೇನೆ. ಆ ಕಾಗದವನ್ನು ಅವನು ಸುದ್ದಿ ಇಲಾಖೆಯ ಮುಖ್ಯಸ್ಥ ಹಿದಾಯತ್ ಕೇಶನಿಗೆ ಮುಟ್ಟಿಸಿದ. ಅವನ ಮೂಲಕ ಅದು ಬಾದಶಹನ ಕೈ ಸೇರಿತು. ಎಲ್ಲರ ಸುದ್ದಿ ಜರಡಿ ಹಿಡಿಯಬೇಕಾದವನೇ ತಂದ ಕಾಗದ. ಅನುಮಾನ ಪಡುವವರು ಯಾರು? ಷರತ್ತುಗಳಾದವು. ನಾಯಕನ ತಮ್ಮ ಸೋಮಶಂಕರ ಒತ್ತೆಯಾಗಿ ಹೊರಬಂದ. ಅವನಿಗೆ ಮನ್ಸಬ್ ದೊರೆಯಿತು. ಮುಹ್ತಶಮ್ ಖಾನ್ ಎಂಬ ಸರದಾರ ಕಿಲ್ಲೇದಾರನಾಗಿ ಕೆಲವೇ ಜನರೊಡನೆ ಕೋಟೆಯೊಳಗೆ ಹೋದ. ಪಾಳೆಯದಲ್ಲಿ ಗೆಲುವಿನ ನೌಬತ್ ಬಾರಿಸಿದರು.

ಒಳಗಿನಿಂದ ಮುಂದಿನ ಸುದ್ದಿ ಬಂತು. ಪಿಡ್ಡನಾಯಕನಿಗೆ ತಲೆ ಕೆಟ್ಟಿದೆ, ಮರಾಠರ ಜೊತೆ ಎಲ್ಲಿಗೋ ಓಡಿಹೋದ. ಅದರ ಬೆನ್ನಿಗೇ ಅವನ ತಾಯಿಯ ಅರಿಕೆ: ದೊಡ್ಡವನು ಹೀಗಾದ, ಚಿಕ್ಕವನಿಗೆ ಜಮೀನುದಾರಿಕೆ ಕೊಟ್ಟು ಒಳಗೆ ಕಳಿಸಿಕೊಡಿ, ಏಳು ದಿನದಲ್ಲಿ ಕೋಟೆ ಖಾಲಿ ಮಾಡಿ ಕೊಡುತ್ತೇವೆ. ಮುದಿ ಬಾದಶಹ ಅದನ್ನೂ ನಂಬಿ ಸೋಮಶಂಕರನನ್ನು ಒಳಗೆ ಬಿಟ್ಟ. ಬಾಗಿಲು ಮುಚ್ಚಿಕೊಂಡಿತು. ಒತ್ತೆಯಾಳು ವಾಪಸ್ ಬಂದಿದ್ದ, ಮೊಗಲರ ಕಿಲ್ಲೇದಾರ ಒಳಗೆ ಸೆರೆಯಾಗಿದ್ದ, ದಿನಗಳೂ ಕಳೆದಿದ್ದವು. ತಲೆಕೆಟ್ಟ ನಾಯಕ ಬುರುಜಿನ ಮೇಲೆ ಸ್ವಸ್ಥನಾಗಿ ನಿಂತಿದ್ದ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವಳು ಆ ತಾಯಿ. ಅವಳ ಹೆಸರು ಚರಿತ್ರೆಯ ಪುಟದಲ್ಲಿಲ್ಲ. ಒಬ್ಬ ಮಗನನ್ನು ಹುಚ್ಚನೆಂದು ಹೇಳಿ ಇನ್ನೊಬ್ಬ ಮಗನನ್ನು ಬಿಡಿಸಿಕೊಂಡಳು. ಸೋತ ಮನೆಯ ತಾಯಿಯೊಬ್ಬಳು ಮಗನಿಗಾಗಿ ಸೆರಗೊಡ್ಡಿದರೆ ಎಂಥ ಬಾದಶಹನೂ ಇಲ್ಲವೆನ್ನಲಾರ ಎಂಬುದು ಒಳಗಿದ್ದವರಿಗೆ ಗೊತ್ತಿತ್ತು. ಎದುರಿಗಿರುವವನು ಯಾವ ಮಾತನ್ನು ಕೇಳಲು ಕಾದಿದ್ದಾನೆ ಎಂದು ತಿಳಿದು ಅದನ್ನೇ ಆಡಿದರು. ಸಣ್ಣ ರಾಜ್ಯದ ರಕ್ಷಣೆಯಲ್ಲಿ ಇದಕ್ಕಿಂತ ದೊಡ್ಡ ಆಯುಧ ಇನ್ನೊಂದಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಜುಲ್ಫಿಕರ್ ಖಾನ್ ಬಂದ. ಅವನು ಮಾತಿಗೆ ಸಿಕ್ಕುವವನಲ್ಲ. ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನೇ ಹಿಡಿದ. ಬೇಸಿಗೆಯ ಸಗರನಾಡಿನಲ್ಲಿ ನೀರು ತಪ್ಪಿದ ಮೇಲೆ ಯಾವ ಕೋಟೆಯೂ ನಿಲ್ಲುವುದಿಲ್ಲ. ಏಪ್ರಿಲ್ 27ರ ರಾತ್ರಿ ನಾಯಕ ತನ್ನವರೊಡನೆ ಹಿಂದಿನ ದಾರಿಯಿಂದ ಹೊರಟ. ಬಾದಶಹ ಖಾಲಿ ಕೋಟೆಗೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟು ದೇವಾಪುರಕ್ಕೆ ನಡೆದ. ಎರಡು ವರ್ಷ ತುಂಬುವುದರೊಳಗೆ, 1707ರಲ್ಲಿ, ಅಹಮದನಗರದಲ್ಲಿ ತೀರಿಕೊಂಡ. ನಾಯಕರ ವಂಶ ಮಾತ್ರ ಮತ್ತೆ ನೆಲೆಯೂರಿ, ಸುರಪುರದ ಗುಡ್ಡಗಳ ನಡುವೆ ರಾಜಧಾನಿ ಕಟ್ಟಿಕೊಂಡು ಇನ್ನೂ ನೂರೈವತ್ತು ವರ್ಷ ಆಳಿತು.

ಆ ನೂರೈವತ್ತು ವರ್ಷದ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಹೈದರಾಬಾದಿನ ನಿಜಾಮನಿಗೂ ಪುಣೆಯ ಪೇಶ್ವೆಗೂ ಕಪ್ಪ ಸಲ್ಲಿಸುತ್ತ, ಒಬ್ಬರ ಭಯವನ್ನು ಇನ್ನೊಬ್ಬರಿಗೆ ತೋರಿಸುತ್ತ ಅರಸರು ಕಾಲ ಹಾಕಿದರು. ಒಳಗಿನ ವ್ಯವಸ್ಥೆಯ ಬಗ್ಗೆ ಒಂದು ಮಾತು ಹೇಳಬೇಕು. ಬೇಡರ ಪಡೆ ಪಗಾರಕ್ಕೆ ದುಡಿಯುವ ಪಡೆಯಾಗಿರಲಿಲ್ಲ. ಹಳ್ಳಿ ಹಳ್ಳಿಯಲ್ಲಿ ಹೊಲ ಉಂಬಳಿಯಾಗಿ ಉಣ್ಣುತ್ತಿದ್ದ ಮನೆತನಗಳು, ಕರೆ ಬಂದಾಗ ಬಂದೂಕು ಹಿಡಿದು ಬರುತ್ತಿದ್ದವು. ಇಂಥ ಪಡೆ ನಡೆಯುವುದು ನಂಬಿಕೆಯ ಮೇಲೆ. ಅರಸನ ಮಾತು ಅರಸನದೇ ಎಂದು ಹಳ್ಳಿಯ ಬೇಡನಿಗೆ ಖಾತ್ರಿ ಇರಬೇಕು. ಬೇಡನ ಮನಸ್ಸಿನಲ್ಲಿರುವುದು ನೇರವಾಗಿ ಅರಸನ ಕಿವಿಗೆ ಬೀಳಬೇಕು. ನಡುವೆ ನಿಂತವರು ಹೆಚ್ಚಾದಷ್ಟೂ ಆ ಹುರಿ ಸವೆಯುತ್ತದೆ.

ಅದು ಸವೆದದ್ದು ಸಾಲದಿಂದ. ಪಟ್ಟಕ್ಕೆ ಬರುವ ಅರಸನಿಂದ ಹೈದರಾಬಾದ್ ದರ್ಬಾರು ಕೇಳುತ್ತಿದ್ದ ನಜರಾನಾ ಸಂಸ್ಥಾನದ ಬೆನ್ನು ಮುರಿಯುವಷ್ಟಿತ್ತು. ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಚಿಕ್ಕ ಹುಡುಗ. ರಾಣಿ ಈಶ್ವರಮ್ಮ ಒಂದು ಕಡೆ, ತೀರಿಹೋದ ಅರಸನ ತಮ್ಮ ಇನ್ನೊಂದು ಕಡೆ ಎಂದು ಅರಮನೆ ಸೀಳಿತು. ಇಂಗ್ಲಿಷ್ ರೆಸಿಡೆಂಟರ ಕಡೆಯಿಂದ ಅಧಿಕಾರಿಯೊಬ್ಬನನ್ನು ಇಲ್ಲಿ ಕೂರಿಸಬೇಕಾಗಿ ಬಂತು. 1841ರ ಕೊನೆಗೆ ಆ ಕೆಲಸಕ್ಕೆ ಬಂದವನು ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಬಗ್ಗೆ ಸುರಪುರದವರಿಗೆ ಹೊಸದಾಗಿ ಹೇಳಬೇಕಿಲ್ಲ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಲ್ಲರೂ ನೋಡಿದ ಕಟ್ಟಡ. ಇವತ್ತು ಪಕ್ಷಿಧಾಮವಾಗಿರುವ ಬೋನಾಳ ಕೆರೆಯನ್ನು ಹಿಗ್ಗಿಸಿದವನೂ ಅವನೇ. ರಾಜನಕೋಳೂರಿನ ಕಲ್ಲುಗೋರಿಗಳ ಬಗ್ಗೆ ಲೋಕಕ್ಕೆ ಮೊದಲು ತಿಳಿಸಿದವನೂ ಅವನು. 1839ರಲ್ಲಿ ಠಗ್ಗರ ಬಗೆಗಿನ ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರಾಗಿದ್ದವನು, ಆದರೆ ಕೆಲಸದಲ್ಲಿ ನಿಜಾಮನ ಸೈನ್ಯದ ಅಧಿಕಾರಿ. ಕಂಪನಿಯ ಖಾಸಾ ಅಧಿಕಾರಿಗಳ ಸಾಲಿನಲ್ಲಿ ಅವನಿಗೆ ಜಾಗವಿರಲಿಲ್ಲ. ಅದಕ್ಕೇ ಇರಬೇಕು, ಪಲ್ಲಕ್ಕಿಯ ಮೇಲಿಂದ ಹುಕುಂ ಕೊಡುವ ಬದಲು ಕೆಳಗಿಳಿದು ಜನರ ಜೊತೆ ಕೂತು ಮಾತಾಡುವುದು ಅವನಿಗೆ ಸಾಧ್ಯವಾಯಿತು. ಸಾವಿರಾರು ಬೇಡರು ಬಂದೂಕು ಹಿಡಿದು ಸುತ್ತ ನಿಂತಿದ್ದ ಊರಿನಲ್ಲಿ ಅವನ ಬಳಿ ಇದ್ದ ಬಲ ಅತ್ಯಲ್ಪ. ಅವನು ಬೇಡರ ಮುಖಂಡರನ್ನು ಕರೆದು, ಅವರ ತಕರಾರು ಕೇಳಿ, ಲೆಕ್ಕ ಅವರೆದುರೇ ಬಿಚ್ಚಿಟ್ಟ. ಹುಡುಗ ಅರಸನನ್ನು ಓದಿಸಿದ. ಹುಡುಗ ಅವನನ್ನು ಅಪ್ಪಾ ಎಂದು ಕರೆದ.

ಟೇಲರ್ ಪರದೇಶದವನು, ಪರರ ಅಧಿಕಾರ ಹೊತ್ತು ಬಂದವನು ಎಂಬುದನ್ನು ನಾನು ಮರೆತಿಲ್ಲ. ಆದರೂ ಹನ್ನೆರಡು ವರ್ಷ ಸಂಸ್ಥಾನದ ಒಳಮಾತು ಒಂದೇ ಕಡೆ ಸೇರಿ ಒಂದೇ ಕಡೆಯಿಂದ ಹೊರಡುತ್ತಿತ್ತು ಎಂಬುದು ಅವನಿಂದಾದ ದೊಡ್ಡ ಉಪಕಾರ. ಅದೇ ದೊಡ್ಡ ಕೊರತೆಯೂ ಆಯಿತು. ಎಲ್ಲ ಎಳೆಗಳೂ ಅವನೊಬ್ಬನ ಕೈಯಲ್ಲಿದ್ದವು. 1853ರಲ್ಲಿ ವೆಂಕಟಪ್ಪನಾಯಕನಿಗೆ ಅಧಿಕಾರ ವಹಿಸಿ ಅವನು ನಳದುರ್ಗಕ್ಕೆ ಹೋದಾಗ ಆ ಎಳೆಗಳನ್ನು ಹಿಡಿಯಲು ತರುಣ ಅರಸನಿಗೆ ಇನ್ನೂ ಕೈ ಬಲಿತಿರಲಿಲ್ಲ.

ನಾಲ್ಕು ವರ್ಷದಲ್ಲಿ 1857 ಬಂತು. ಉತ್ತರದ ಸುದ್ದಿ ದಕ್ಷಿಣಕ್ಕೆ ಬರುವಾಗ ಅದಕ್ಕೆ ರೆಕ್ಕೆ ಪುಕ್ಕ ಕೂಡಿ ಬರುತ್ತಿತ್ತು. ನಾನಾಸಾಹೇಬನ ಕಡೆಯವರು ಸುರಪುರಕ್ಕೆ ಬಂದು ಹೋಗುತ್ತಿದ್ದಾರೆ ಎಂದು ಇಂಗ್ಲಿಷರಿಗೆ ವರದಿಗಳು ಹೋದವು. ಅತ್ತ ಸರ್ಕಾರ ತನ್ನ ಮಾತನ್ನು ಜನರಿಗೆ ಮುಟ್ಟಿಸಿದ ಬಗೆ ಎಷ್ಟು ಒರಟು ಎನ್ನುವುದಕ್ಕೆ ಮುಧೋಳದ ಹಲಗಲಿ ಸಾಕ್ಷಿ. ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು ಎಂಬ ಹೊಸ ಕಾಯ್ದೆಯನ್ನು ಬೇಡರು ಕೇಳಿಸಿಕೊಂಡದ್ದು, ನಿಮ್ಮ ಆಯುಧ ಕಸಿಯುತ್ತೇವೆ, ನಿಮ್ಮ ಮಾನ ಕಸಿಯುತ್ತೇವೆ ಎಂದು. ಆ ಜನಕ್ಕೆ ಎರಡೂ ಒಂದೇ. ಯಾರೂ ಅವರ ಅಂಗಳಕ್ಕೆ ಹೋಗಿ ಕೂತು ವಿವರಿಸಲಿಲ್ಲ. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಮ್‌ನ ಸೈನ್ಯ ಹಲಗಲಿಯನ್ನು ಸುಟ್ಟಿತು. ಆ ಹೊಗೆ ಸುರಪುರದ ಬೇಡರಿಗೆ ಕಾಣದೆ ಇರುತ್ತದೆಯೇ?

ಸುರಪುರದ ಅರಮನೆಯಲ್ಲಿ ಆಗ ಮಾತಾಡುವವರು ಬಹಳ ಜನ. ಹೊಸದಾಗಿ ಬಂದು ಸೇರಿದ ಅರಬರು, ರೋಹಿಲರು. ಯುದ್ಧಕ್ಕೆ ಹುರಿದುಂಬಿಸುವವರು ಒಂದಷ್ಟು ಮಂದಿ, ರೆಸಿಡೆಂಟರಿಗೆ ಬರೆದು ರಾಜಿಯಾಗು ಎನ್ನುವವರು ಇನ್ನಷ್ಟು ಮಂದಿ. ಹೈದರಾಬಾದಿನಿಂದ ರೆಸಿಡೆಂಟ್ ಡೇವಿಡ್ಸನ್‌ನ ಎಚ್ಚರಿಕೆ. ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ ಖುದ್ದು ಸುರಪುರಕ್ಕೆ ಬಂದು ಅರಸನಿಗೆ ತಿಳಿಹೇಳಲು ನೋಡಿದ. ಅವನ ಜೀವಕ್ಕೆ ಅಪಾಯವಿದೆ ಎಂದು ಅರಮನೆಯ ಕಡೆಯವರೇ ಅವನಿಗೆ ಸುಳಿವು ಕೊಟ್ಟರು. ಇದೊಂದೇ ಸಂಗತಿ ಸಾಕು, ಆ ಹೊತ್ತಿಗೆ ಸುರಪುರದ ಗುಟ್ಟು ಸುರಪುರದಲ್ಲಿ ನಿಲ್ಲುತ್ತಿರಲಿಲ್ಲ ಎನ್ನಲು. ವಾಗಣಗೇರಾದಲ್ಲಿ ಹುಚ್ಚಿನ ಕಥೆ ಕಟ್ಟಿದಾಗ ಒಳಗಿದ್ದ ಸಾವಿರಾರು ಬಾಯಿಗಳಲ್ಲಿ ಒಂದೂ ಸಡಿಲಾಗಿರಲಿಲ್ಲ.

ಮೂರು ದಿಕ್ಕಿನಿಂದ ಸೈನ್ಯ ಹೊರಟಿತು. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡ್‌ಹ್ಯಾಮ್, ಪಶ್ಚಿಮದಿಂದ ಹಲಗಲಿ ಸುಟ್ಟ ಅದೇ ಮಾಲ್ಕಮ್, ಪೂರ್ವದಿಂದ ಮದ್ರಾಸಿನ ಪಡೆ. 1858ರ ಫೆಬ್ರವರಿ 7ರಂದು ಬೇಡರು ವಿಂಡ್‌ಹ್ಯಾಮ್‌ನ ಪಾಳೆಯದ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಇಂಗ್ಲಿಷರ ಕಡೆ ಕ್ಯಾಪ್ಟನ್ ನ್ಯೂಬರಿ ಸತ್ತ, ಲೆಫ್ಟಿನೆಂಟ್ ಸ್ಟೂವರ್ಟ್ ಮರಣಾಂತಿಕವಾಗಿ ಗಾಯಗೊಂಡ. ಬೇಡರು ಹೋರಾಡಿದ ರೀತಿಯಲ್ಲಿ ಹಿಂದಿನ ಕೆಚ್ಚು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ 8ರ ರಾತ್ರಿ ಅರಸ ಕೆಲವೇ ಸವಾರರೊಂದಿಗೆ ಹೈದರಾಬಾದಿನತ್ತ ಹೋಗಿಬಿಟ್ಟ. ಕೂಡಿದ್ದ ಪಡೆಗೆ ಮುಂದೇನು ಎಂದು ಹೇಳುವ ಬಾಯಿ ಇಲ್ಲವಾಯಿತು. ಪಿಡ್ಡನಾಯಕನೂ ರಾತ್ರಿಯಲ್ಲೇ ಹೊರಬಿದ್ದವನು, ಆದರೆ ಅವನು ತನ್ನವರನ್ನು ಕರೆದುಕೊಂಡು ಹೋಗಿದ್ದ.

ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾವ್ ಎದ್ದದ್ದು ಮೇ ಕೊನೆಯಲ್ಲಿ. ಸುರಪುರ ಬಿದ್ದು ಆಗಲೇ ಮೂರೂವರೆ ತಿಂಗಳಾಗಿತ್ತು. ನರಗುಂದದ ಕೋಟೆಗೂ ಹೋದವನು ಮಾಲ್ಕಮ್ಮನೇ. ಹಲಗಲಿ, ಸುರಪುರ, ನರಗುಂದ ಒಂದೇ ವಾರದಲ್ಲಿ ಎದ್ದಿದ್ದರೆ ಒಬ್ಬ ಕರ್ನಲ್ ಮೂರು ಕಡೆ ಇರಲಾಗುತ್ತಿರಲಿಲ್ಲ. ಇಂಗ್ಲಿಷರ ಹತ್ತಿರ ತಂತಿ ಇತ್ತು, ಇವರ ಹತ್ತಿರ ಹೊಲದ ದಾರಿಯಲ್ಲಿ ನಡೆವ ಓಲೆಕಾರರಿದ್ದರು. ನಮ್ಮ ನಾಡಿನ ಬಂಡಾಯ ಸೋತದ್ದಕ್ಕೆ ಕಾರಣ ಹುಡುಕುವವರು ತೋಪುಗಳ ಲೆಕ್ಕಕ್ಕೆ ಮೊದಲು ಈ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಅಲ್ಲಿಗೆ ಸಂಸ್ಥಾನದ ಚರಿತ್ರೆ ಮುಗಿಯಿತು. ಮುಂದೆ ಸಗರನಾಡಿಗೆ ಸರ್ಕಾರದ ಮಾತು ಬಂದದ್ದು ಮೊದಲು ಪಾರಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ. ಕಚೇರಿಯ ಕಾಗದ ಹಿಡಿದು ಓದಿ ಹೇಳುವವರನ್ನು ಹುಡುಕಿಕೊಂಡು ಅಲೆಯುವುದು ಕನ್ನಡ ರೈತನ ಪಾಡಾಯಿತು. 1948ರ ಸೆಪ್ಟೆಂಬರ್ 17ರ ಸಂಜೆ ಹೈದರಾಬಾದ್ ರೇಡಿಯೋದಲ್ಲಿ ನಿಜಾಮ ಸರ್ಕಾರ ಶರಣಾದ ಸುದ್ದಿ ಬರುವವರೆಗೆ, ಅದಕ್ಕೂ ಮುಂದೆ 1956ರ ನವೆಂಬರ್ ಒಂದರವರೆಗೆ, ಈ ಪಾಡು ನಡೆಯಿತು.

ಸಂಸ್ಥಾನದ ಕಥೆಯಲ್ಲಿ ಒಂದು ಪ್ರಸಂಗ ಹೇಳದೆ ಉಳಿಸಿದ್ದೇನೆ. ಅದು ಹೈದರಾಬಾದಿನ ಸೆರೆಮನೆಯದು.

ಬಜಾರಿನಲ್ಲಿ ಅಲೆಯುತ್ತಿದ್ದ ವೆಂಕಟಪ್ಪನಾಯಕನನ್ನು ಹಿಡಿದು ದಿವಾನ ಸಾಲಾರ್ ಜಂಗನಿಗೆ, ಅವನ ಮೂಲಕ ರೆಸಿಡೆಂಟನಿಗೆ ಒಪ್ಪಿಸಿದ್ದರು. ವಿಚಾರಣೆಯಾಗಿ ಮರಣದಂಡನೆ ವಿಧಿಸಿದರು. ಅದು ಮೊದಲು ಕರಿನೀರಿನ ಶಿಕ್ಷೆಯಾಗಿ, ಕೊನೆಗೆ ಗವರ್ನರ್ ಜನರಲ್‌ನ ಆದೇಶದಿಂದ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಶಿಕ್ಷೆ ಇಳಿಯುವ ಮೊದಲು ಅವನನ್ನು ನೋಡಲು ಟೇಲರ್‌ಗೆ ಅನುಮತಿ ಸಿಕ್ಕಿತು. ಆ ಭೇಟಿಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹುಡುಗ ಅವನನ್ನು ತಬ್ಬಿ ಅತ್ತ. ಸೈನಿಕರ ಹಿಂಡು, ಬೀಗ, ಗೋಡೆ ಎಲ್ಲದರ ನಡುವೆ ಹಳೆಯ ಸಂಬೋಧನೆಯೇ ಅವನ ಬಾಯಿಗೆ ಬಂತು.

ಟೇಲರ್ ಬರೀ ನೋಡಿ ಹೋಗಲು ಬಂದಿರಲಿಲ್ಲ. ರೆಸಿಡೆಂಟನಿಗೆ ಒಂದು ವಿಷಯ ಬೇಕಿತ್ತು: ಅರಸನನ್ನು ಈ ದಾರಿಗೆ ತಂದವರು ಯಾರು, ಯಾರ ಯಾರ ಜೊತೆ ಕಾಗದ ನಡೆದಿತ್ತು. ಹೇಳಿದರೆ ಅನುಕೂಲವಾದೀತು ಎಂಬುದು ಅದರ ಒಳಗಿನ ಅರ್ಥ. ತರುಣನಿಗೆ ಅದು ತಿಳಿಯದೆ ಇರಲಿಲ್ಲ. ಗಲ್ಲು ಕಣ್ಣೆದುರಿಗಿತ್ತು. ರೆಸಿಡೆಂಟನ ಎದುರು ಹೋಗಿ ನಿಂತರೆ ಜೀವಕ್ಕೆ ಅಂಗಲಾಚುತ್ತಿದ್ದಾನೆ ಎಂದುಕೊಳ್ಳುತ್ತಾರೆ, ಅದನ್ನು ತಾನು ಮಾಡುವವನಲ್ಲ ಎಂದ. ಕೇಳಿಕೊಂಡದ್ದು ಒಂದೇ: ಕಳ್ಳನನ್ನು ನೇಣಿಗೆ ಹಾಕಿದಂತೆ ಹಾಕಬಾರದು, ತೋಪಿನ ಬಾಯಿಗೆ ಕಟ್ಟಲಿ, ಅಲುಗದೆ ನಿಲ್ಲುತ್ತೇನೆ. ಹೆಸರುಗಳನ್ನು ಮಾತ್ರ ಅವನು ಹೇಳಲಿಲ್ಲ. ಅಪ್ಪಾ ಎಂದು ಕರೆದವನಿಗೂ ಹೇಳಲಿಲ್ಲ.

ಚೆಂಗಲ್‌ಪಟ್ಟಿಗೆ ಹೊರಟ ಪಯಣದ ಮೊದಲ ಠಿಕಾಣಿಯಲ್ಲೇ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿತು. ವೆಂಕಟಪ್ಪನಾಯಕನಿಗೆ ಆಗ ಇಪ್ಪತ್ನಾಲ್ಕನೆಯ ವರ್ಷ. ಸುರಪುರದ ಕಾಗದಗಳನ್ನೆಲ್ಲ ಇಂಗ್ಲಿಷರು ಶೋಧಿಸಿದರು, ಊರನ್ನೆಲ್ಲ ವಿಚಾರಿಸಿದರು. ಅವನ ಬಾಯಿಂದ ಬರಬೇಕಾಗಿದ್ದ ಹೆಸರುಗಳು ಅವನ ಜೊತೆಗೇ ಹೋದವು.